ಮುಕ್ತಿನಾಥಕ್ಕೆ ಬಂದ ಮಾರಮ್ಮ

ಕೊರಟಗೆರೆಯಲ್ಲಿ ಫಾರಿನ್ನಿಗೆ ಹೋಗಿಬಂದವರಿಗೆ ಈಗ ಬರವಿಲ್ಲ. ಹಾಗೆ ಹೋಗಿಬಂದವರು ಆರು ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದನ್ನೇ ಹೇಳುತ್ತಾರೆ. ಆದರೆ ಪ್ರತಿ ವರ್ಷ ಬೇಸಗೆಗೊಮ್ಮೆ, ದಸರಾ ಕಳೆದ ಮೇಲೊಮ್ಮೆ, ರಾಗಿಹಿಟ್ಟಿನ ಮೂಟೆ, ಹುಳಿಪುಡಿ ಡಬ್ಬ, ಗ್ಯಾಸ್ ಒಲೆಗಳ ಸಮೇತ ದೇಶದ ಗಡಿ ದಾಟುತ್ತಿದ್ದವಳು ಜಗದಾಂಬ ಒಬ್ಬಳೇ. ಅವಳು ಅದನ್ನು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಹೇಳಲು ಏನಿತ್ತು? ನೇಪಾಳವೆಂದರೆ ಎಲ್ಲರಿಗೂ ಹಿಮಾಲಯ, ಅವಳಿಗೆ ಬೇಳೆ ಬೇಯದ ಜಾಗ. ಬೆಟ್ಟ ಹತ್ತಿದಷ್ಟೂ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಕಲ್ಲಿನ ಹಾಗೆ ಕೂತಿರುತ್ತದೆ. ಅದರ ಮುಂದೆ ಸೌಟು ಹಿಡಿದು ನಿಂತು ನಿಂತು ಅವಳ ಮಂಡಿಚಿಪ್ಪು ಸವೆದುಹೋಗಿತ್ತು.

ಗಂಡ ಶಂಕರಲಿಂಗಪ್ಪ ಕೊರಟಗೆರೆಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವನು. ಸಕ್ಕರೆ ಕಾಯಿಲೆ ಹಿಡಿದು, ವರ್ಷಗಟ್ಟಲೆ ನರಳಿ ಹೋದ. ಅವನ ತಿಥಿ ಮುಗಿದ ಸ್ವಲ್ಪ ದಿನಕ್ಕೆ ಮಧುಗಿರಿಯ ಲಕ್ಷ್ಮೀಪತಿ ಬಾಗಿಲಿಗೆ ಬಂದ. ಅವನದು ಯಾತ್ರೆ ಕಳಿಸುವ ಕಸುಬು; ಕಾಶಿ, ಗಯಾ, ನೇಪಾಳದ ಮುಕ್ತಿನಾಥ ಎಂದು ಬಸ್ ಸ್ಟ್ಯಾಂಡ್ ಪಕ್ಕದ ಮಳಿಗೆಯಲ್ಲಿ ಬೋರ್ಡು ಹಾಕಿಕೊಂಡಿದ್ದ. "ಅಕ್ಕಾ, ಶಂಕರಲಿಂಗಣ್ಣನ ಕೈರುಚಿ ನಿಮ್ಗೂ ಐತೆ. ಯಾತ್ರೆ ಜನಕ್ಕೆ ಅಡುಗೆ ಮಾಡೋಕ್ ಬಂದ್ಬುಡಿ. ನೀವೂ ದೇವ್ರು ನೋಡ್ದಂಗಾಯ್ತದೆ" ಎಂದ. ಜಗದಾಂಬ ಹೋದಳು. ದೇವರನ್ನು ನೋಡಿದ್ದು ಅಷ್ಟಕ್ಕಷ್ಟೇ. ಜನ ದರ್ಶನ ಮುಗಿಸಿ ಹಸಿದು ಬರುವ ಹೊತ್ತಿಗೆ ಅನ್ನ ಇಳಿದಿರಬೇಕಲ್ಲ, ಅವರು ದೇವಸ್ಥಾನದಲ್ಲಿರುವಾಗ ಇವಳು ಒಲೆ ಮುಂದೆ ಇರಬೇಕಾಗುತ್ತಿತ್ತು.

ಯಾತ್ರೆ ಎಂದರೆ ಜನ ಪುಣ್ಯ ಎನ್ನುತ್ತಾರೆ. ಅಡುಗೆಯವಳ ಕಣ್ಣಿಗೆ ಯಾತ್ರೆ ಎಂದರೆ ಹೊಟ್ಟೆ. ದಾರಿಯಲ್ಲಿ ಕಕ್ಕಸು ಸಿಗುವುದಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ; ಗಡಿ ಸೇರುವ ಹೊತ್ತಿಗೆ ಒಬ್ಬಳಿಗೆ ಉರಿಮೂತ್ರ, ಇನ್ನೊಬ್ಬಳಿಗೆ ತಲೆ ಸಿಡಿತ. ಗಂಡಸರು ಗಂಡಕಿ ನದಿ ಕಂಡರೆ ಸಾಕು, ಬೊಗಸೆಯಲ್ಲಿ ಎತ್ತಿ ತೀರ್ಥವೆಂದು ಗಟಗಟ ಕುಡಿದು, ಮಾರನೆಯ ದಿನ ಬಸ್ಸು ನಿಲ್ಲಿಸಪ್ಪಾ ಎಂದು ಡ್ರೈವರನ ಕಾಲು ಹಿಡಿಯುತ್ತಾರೆ. ಬಿ.ಪಿ. ಮಾತ್ರೆ ಬಸ್ಸಿನ ಟಾಪಿನ ಮೇಲೆ ಹಗ್ಗ ಬಿಗಿದ ಬ್ಯಾಗಿನೊಳಗೆ ಇರುತ್ತದೆ, ಬಿ.ಪಿ. ಇರುವವನು ಕೆಳಗೆ ಸೀಟಿನಲ್ಲಿ ಇರುತ್ತಾನೆ. ದಿನಗಟ್ಟಲೆ ಕಾಲು ಇಳಿಬಿಟ್ಟು ಕೂತು ಪಾದಗಳು ಊದಿ ಚಪ್ಪಲಿಗೆ ಹೋಗುವುದಿಲ್ಲ. ಇಷ್ಟನ್ನೂ ಜಗದಾಂಬ ನೋಡಿ ನೋಡಿ ಸಾಕಾಗಿ, ತನಗೆ ತೋಚಿದ ದಾರಿ ಹಿಡಿದಿದ್ದಳು. ಕುದಿಸಿದ ಜೀರಿಗೆ ನೀರನ್ನು ಕ್ಯಾನಿಗೆ ತುಂಬಿ ಬಸ್ಸಿನಲ್ಲಿ ಇಡುತ್ತಿದ್ದಳು. ನೀರು ಕುಡಿಯಿರಿ ಎಂದರೆ ಮುಖ ತಿರುಗಿಸುವವರು ಮಜ್ಜಿಗೆ ಎಂದರೆ ಲೋಟ ಚಾಚುತ್ತಾರೆಂದು ಮಜ್ಜಿಗೆ ಮಾಡುತ್ತಿದ್ದಳು, ಸಾರನ್ನು ತೆಳ್ಳಗೆ ಮಾಡುತ್ತಿದ್ದಳು. ಅದಕ್ಕೆ ಸಿಕ್ಕ ಬಹುಮಾನವೆಂದರೆ ಮಧುಗಿರಿ ಸೀಮೆಯಲ್ಲೆಲ್ಲ "ಜಗದಾಂಬಕ್ಕನ ಸಾರು ಬರೀ ನೀರು" ಎಂಬ ಹೆಸರು.

ಆ ವರ್ಷ ದಸರಾ ಕಳೆದ ಮೇಲಿನ ಯಾತ್ರೆಗೆ ಹೊರಡುವ ಮುಂಚೆ ಲಕ್ಷ್ಮೀಪತಿ ಎಲ್ಲರನ್ನೂ ಮಳಿಗೆಗೆ ಕರೆಸಿ ಮಾಮೂಲಿನ ಭಾಷಣ ಮಾಡಿದ. "ಬಿ.ಪಿ., ಶುಗರ್, ಹಾರ್ಟು ಏನಾದ್ರೂ ಇದ್ರೆ ಈಗ್ಲೇ ಬಾಯ್ಬುಡಿ. ಅದು ಎತ್ತರದ ಜಾಗ, ಉಸಿರು ಹಿಡ್ಕೊಳ್ತದೆ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು, ಅವ್ರು ಹೂಂ ಅಂದ್ರೆ ಬನ್ನಿ." ಯಾರೂ ಪಿಟಿಕ್ ಎನ್ನಲಿಲ್ಲ. ಇದೆ ಎಂದರೆ ಎಲ್ಲಿ ಬಿಟ್ಟುಹೋಗುತ್ತಾರೋ ಎಂಬ ಭಯ. ಮಧುಗಿರಿ ತಾಲ್ಲೂಕಿನವರಷ್ಟು ಗಟ್ಟಿಮುಟ್ಟಾದ ಜನ ಭೂಮಿಯ ಮೇಲೆ ಎಲ್ಲೂ ಇಲ್ಲ, ಯಾತ್ರೆಗೆ ಹೆಸರು ಬರೆಸುವ ದಿನ ಮಾತ್ರ.

"ನಂಗೇನೈತಪ್ಪಾ, ಗುಂಡುಕಲ್ಲು ಇದ್ದಂಗಿದೀನಿ" ಎಂದವಳು ದೊಡ್ಡೇರಿ ಕಡೆಯ ಮುನಿಯಮ್ಮ. ಒಣಕಲು ಮುದುಕಿ, ಕಿವಿಯಲ್ಲಿ ಸವೆದ ಓಲೆ. ಸೆರಗಿನ ಗಂಟಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು. ಅವಳು ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಅದು ಕಾಯಿಲೆಯೇ ಅಲ್ಲ, ಎಲ್ಲರಿಗೂ ಇರುವಂಥದ್ದು. ಅವಳ ಜೊತೆಗೆ ಬಂದಿದ್ದ ನಾದಿನಿ ಚಿಕ್ಕಹನುಮಕ್ಕ ಮಾತಿನಮಲ್ಲಿ. ಮುನಿಯಮ್ಮ ಇನ್ನೇನೋ ಹೇಳಲು ಬಾಯಿ ತೆರೆದಾಗ, "ನೀನ್ ಸುಮ್ಕಿರತ್ಗೆ, ನಿಂಗೇನ್ ಗೊತ್ತಾಯ್ತದೆ" ಎಂದಳು. ಮುನಿಯಮ್ಮ ಸುಮ್ಮನಾದಳು. ಹಾಗೆ ಸುಮ್ಮನಾಗುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮುಖದಲ್ಲಿ ಬೇಜಾರು ಕೂಡ ಕಾಣಲಿಲ್ಲ. ಮೊದಲು ಅತ್ತೆ, ಆಮೇಲೆ ಗಂಡ, ಆಮೇಲೆ ಮಕ್ಕಳು, ಈಗ ಸೊಸೆಯರು, ಎಲ್ಲರೂ ಅವಳಿಗೆ ಹೇಳಿದ್ದು ಅದೊಂದೇ ಮಾತು.

ರೈಲಿನಲ್ಲಿ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ. ಗಡಿಯಲ್ಲಿ ಎಲ್ಲರೂ ವೋಟರ್ ಕಾರ್ಡ್ ತೋರಿಸಿ ಫಾರಿನ್ನಿನವರಾದರು. ಪೋಖರಾ ದಾಟಿ, ಜೋಮ್‌ಸೋಮ್ ಎಂಬ ಗಾಳಿಯ ಊರಿಗೆ ಬಂದು, ಮೈ ಒಗ್ಗಲಿ ಎಂದು ಲಕ್ಷ್ಮೀಪತಿ ಅಲ್ಲೊಂದು ದಿನ ತಂಗಿಸಿದ. ಜಗದಾಂಬ ಎಲ್ಲರಿಗೂ ಬಿಸಿ ಬಿಸಿ ರಾಗಿಗಂಜಿ ಕಾಯಿಸಿ ಕೊಟ್ಟಳು. ಮುನಿಯಮ್ಮ ಲೋಟ ಮುಟ್ಟಲಿಲ್ಲ.

"ನಾಳೆ ತೀರ್ಥ ಆಗೋಗಂಟ ಬಾಯಿಗೇನೂ ಹಾಕಲ್ಲ ಅಂತ ಹರಕೆ ಹೊತ್ತಿದೀನಿ ಕಣಮ್ಮ" ಎಂದಳು.

"ಒಂದು ಲೋಟ ಗಂಜಿಗೆ ಹರಕೆ ಕೆಡ್ತದಾ ಅವ್ವಾ?"

"ಕೆಡ್ತದೆ."

ಯಾತ್ರೆಗೆ ಬಂದವರ ಹರಕೆಗೆ ಅಡ್ಡ ಹೋಗಬಾರದು. ಅದು ಲಕ್ಷ್ಮೀಪತಿ ಹಾಕಿದ ಕಟ್ಟಳೆಯಲ್ಲ, ಹಿಂದಿನಿಂದ ನಡೆದುಬಂದದ್ದು. ಜಗದಾಂಬ ಗಂಜಿಯನ್ನು ಪಾತ್ರೆಗೆ ಸುರಿದುಕೊಂಡಳು. ಬೆಳಿಗ್ಗೆ ಜೀಪು ಹತ್ತುವಾಗ ನೋಡಿದರೆ, ಮುನಿಯಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯೊಂದನ್ನು ಒಣ ಬಾಯಿಗೆ ಹಾಕಿ ನುಂಗುತ್ತಿದ್ದಾಳೆ.

"ಅದೇನವ್ವಾ ಅದು?"

"ಶುಗರ್ದು. ಬೆಳಿಗ್ಗೆ ತಪ್ಪಿಸ್ಬೇಡ ಅಂದವ್ರೆ ಡಾಕ್ಟ್ರು."

"ಅಯ್ಯೋ, ಊಟ ಇಲ್ದೆ ನುಂಗ್ತಾರಾ?"

"ಮಾತ್ರೆ ಏನ್ ಅನ್ನವೇ? ಅದ್ರಿಂದ ಹರಕೆ ಮುರಿಯಲ್ಲ ಬುಡು" ಎಂದು ಮುನಿಯಮ್ಮ ಜೀಪಿನೊಳಗೆ ತೂರಿಕೊಂಡಳು. ಡ್ರೈವರ್ ಹಾರನ್ ಒತ್ತಿದ. ಜಗದಾಂಬ ಸಾಮಾನು ಕಾಯಲು ಹಿಂದೆ ಉಳಿಯಬೇಕಾದವಳು. ಆದರೂ ಒಲೆ ಆರಿಸಿ ಅದೇ ಜೀಪಿನ ಹಿಂದಿನ ಸೀಟಿಗೆ ಹತ್ತಿಬಿಟ್ಟಳು. ಇಂಥ ಕಡೆಗೂ ತನಗೆ ನೆಮ್ಮದಿಯಿಲ್ಲವಲ್ಲ ಎಂದು ಬೈದುಕೊಂಡೇ ಹತ್ತಿದಳು.

ಮುಕ್ತಿನಾಥದಲ್ಲಿ ಗುಡಿಯ ಹಿಂದೆ ಅರ್ಧಚಂದ್ರದ ಗೋಡೆ, ಗೋಡೆಯ ತುಂಬ ನಲ್ಲಿಗಳ ಹಾಗೆ ಸಾಲು ಬಾಯಿಗಳು, ಅವುಗಳಿಂದ ಸುರಿಯುವ ಮಂಜಿನ ನೀರು. ಒಂದೂ ಬಿಡದೆ ಎಲ್ಲದರ ಕೆಳಗೂ ತಲೆಯೊಡ್ಡಿ ಓಡಬೇಕು. ನಮ್ಮವರು ಓಡಿದರು. ಉಸಿರು ಕಟ್ಟಿ, ಹಲ್ಲು ಕಟಕಟ ಎಂದು, ಒದ್ದೆ ಸೀರೆ ಕಾಲಿಗೆ ತೊಡರಿ, ಗೋವಿಂದಾ ಎಂದು ಕೂಗುತ್ತ ಓಡಿದರು. ಮುನಿಯಮ್ಮನೂ ಓಡಿ ಮುಗಿಸಿ, ಗೋಡೆಯ ಕೊನೆಯಲ್ಲಿ ಕುಸಿದು ಕೂತಳು. ಅವಳ ಮೈ ನಡುಗುತ್ತಿತ್ತು. ಅಲ್ಲಿ ನಡುಗದವರು ಯಾರಿದ್ದರು? ಆದರೆ ಆ ಕೊರೆಯುವ ಚಳಿಯಲ್ಲಿ, ಸೀರೆ ಬದಲಾಯಿಸಿ ಶಾಲು ಹೊದಿಸಿದ ಮೇಲೂ, ಮುನಿಯಮ್ಮನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ತಲೆ ಎಡಕ್ಕೂ ಬಲಕ್ಕೂ ತೂಗತೊಡಗಿತು. ತೊದಲುವ ನಾಲಿಗೆಯಲ್ಲಿ, ಅವಳದಲ್ಲದ ದನಿಯಲ್ಲಿ, "ಯಾಕ್ರಲಾ... ಯಾಕ್ರಲಾ ನನ್ನ ಇಲ್ಲಿಗಂಟ ಕರ್ಕೊಂಬಂದ್ರಿ?" ಎಂದಳು.

"ಅಯ್ಯೋ, ತಾಯಿ ಬಂದ್ಬುಟ್ಲು!" ಎಂದು ಚಿಕ್ಕಹನುಮಕ್ಕ ಅಲ್ಲೇ ನೆಲಕ್ಕೆ ಬಿದ್ದಳು.

ಐ.ಡಿ.ಹಳ್ಳಿಯ ಬೈರಪ್ಪ ಇಂಥದ್ದರಲ್ಲಿ ಪಳಗಿದ ಕೈ. ಊರಿನಲ್ಲಿ ಯಾರ ಮೈಮೇಲೆ ದೇವರು ಬಂದರೂ ಮುಂದೆ ನಿಂತು ಕೇಳುವವನು ಅವನೇ. ಕರ್ಪೂರ ಹಚ್ಚಿ, ಮುದುಕಿಯ ಹಣೆಗೆ ಕುಂಕುಮ ಬಳಿದು, "ಯಾವ ತಾಯವ್ವಾ ನೀನು? ಹೆಸರು ಹೇಳು" ಎಂದ.

"ಮಾರಿ ಕಣ್ಲಾ... ಮಾರಿ."

ಜನಕ್ಕೆಲ್ಲ ಗಡಿ ದಾಟಲು ವೋಟರ್ ಕಾರ್ಡ್ ಬೇಕಾಗಿತ್ತು. ಮಧುಗಿರಿಯ ಮಾರಮ್ಮ ಏನು ತೋರಿಸಿ ಬಂದಳೋ, ಆ ಹೊತ್ತಿನಲ್ಲಿ ಅದನ್ನು ಯೋಚಿಸುವವರು ಯಾರೂ ಇರಲಿಲ್ಲ. ಎಲ್ಲರೂ ಕೈಮುಗಿದು ಸುತ್ತುಗಟ್ಟಿದರು. ಪಾವಗಡದ ಅಂಜಿನಮ್ಮ ಅಳುತ್ತ, "ಅಮ್ಮಾ ತಲ್ಲೀ, ನಾ ಕೂತುರು ಕಡುಪು ಎಪ್ಪುಡು ಪಂಡುತುಂದಮ್ಮಾ?" ಎಂದು ತನ್ನ ತೆಲುಗಿನಲ್ಲಿ, ಮಗಳು ಯಾವಾಗ ಬಸಿರಾಗುತ್ತಾಳೆಂದು ಕೇಳಿದಳು. "ಆಯ್ತದೆ... ಆಯ್ತದೆ..." ಎಂದಳು ತಾಯಿ. ಅಂಜಿನಮ್ಮ ನೆಲಕ್ಕೆ ಹಣೆ ಹಚ್ಚಿದಳು. ಬೈರಪ್ಪ ತನ್ನ ತಮ್ಮನ ಜೊತೆಗಿನ ಜಮೀನಿನ ವ್ಯಾಜ್ಯ ಕೇಳಿದ. ಜೀವಮಾನವಿಡೀ ಸುಮ್ಕಿರು ಎನಿಸಿಕೊಂಡವಳ ಬಾಯಿಂದ ಬೀಳುವ ಒಂದೊಂದು ತೊದಲಿಗೂ ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು.

ಜಗದಾಂಬನಿಗೆ ವೈದ್ಯ ಗೊತ್ತಿರಲಿಲ್ಲ, ಗಂಡ ಗೊತ್ತಿದ್ದ. ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದ ದಿನ ಶಂಕರಲಿಂಗಪ್ಪ ಹೀಗೆಯೇ ಬೆವರಿ, ನಾಲಿಗೆ ಹೊರಳದೆ, ಹೆಂಡತಿಯ ಗುರುತೇ ಸಿಗದೆ ಏನೇನೋ ಒದರುತ್ತಿದ್ದ. ಬಾಯಿಗೆ ಸಿಹಿ ಬಿದ್ದರೆ ಸರಿಹೋಗುತ್ತಿದ್ದ. ಒಮ್ಮೆ ತಡವಾಗಿ, ಎಚ್ಚರ ತಪ್ಪಿ, ತುಮಕೂರಿಗೆ ಹೊತ್ತೊಯ್ದಾಗ ಡಾಕ್ಟರು, ಇನ್ನು ಸ್ವಲ್ಪ ತಡೆದಿದ್ದರೆ ಹೆಣ ತಗೊಂಡು ಹೋಗಬೇಕಿತ್ತು ಎಂದು ಬೈದಿದ್ದರು. ಹಾಗೆಂದು ಜಗದಾಂಬ ದೇವರನ್ನು ನಂಬದವಳೇನೂ ಅಲ್ಲ. ಚಿಕ್ಕಂದಿನಿಂದ ಮೈಮೇಲೆ ಬರುವುದನ್ನು ಕಂಡಿದ್ದಳು, ಕೈಮುಗಿದಿದ್ದಳು. ದೇವರು ಬಂದರೂ ಮೈ ನಡುಗುತ್ತದೆ, ಸಕ್ಕರೆ ಇಳಿದರೂ ಮೈ ನಡುಗುತ್ತದೆ. ಇದು ಇಂಥದ್ದೇ ಎನ್ನಲು ಒಲೆ ಊದುವ ತಾನ್ಯಾರು? ದೇವರೇ ಆಗಿದ್ದರೆ ಅಡ್ಡ ಬಂದ ಪಾಪ ಅಂಟುತ್ತದೆ. ಅಲ್ಲದಿದ್ದರೆ, ಜನ ಇನ್ನೆರಡು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಮುದುಕಿ ಹೋಗಿಬಿಡುತ್ತಾಳೆ.

ಬೈರಪ್ಪನ ಕಾಲ ಬಳಿ ಪೂಜೆಯ ಬುಟ್ಟಿಯಿತ್ತು. ಅದರಲ್ಲಿ ಮುಕ್ತಿನಾಥನಿಗೆಂದು ಸಿದ್ಧರಬೆಟ್ಟದಿಂದ ತಂದ ಜೇನಿನ ಸೀಸೆ. ಜಗದಾಂಬ ಬಗ್ಗಿ ಅದನ್ನು ಎತ್ತಿ ಮುಚ್ಚಳ ತಿರುಗಿಸಿದಳು.

"ಏಯ್, ಏಯ್! ದೇವ್ರದು ಕಣಮ್ಮ ಅದು! ಇನ್ನೂ ದೇವ್ರಿಗೇ ಮುಟ್ಟಿಸಿಲ್ಲ!"

ಅವಳು ಕೇಳಿಸಿಕೊಳ್ಳಲಿಲ್ಲ. ಬೆರಳು ಅದ್ದಿಕೊಂಡು ಮುನಿಯಮ್ಮನ ಮುಂದೆ ಮಂಡಿಯೂರಿದಳು. ಆಗ ಆ ತೂಗುತ್ತಿದ್ದ ತಲೆ ನಿಂತಿತು. ಆ ಕಣ್ಣುಗಳು ಜಗದಾಂಬನ ಮುಖದ ಮೇಲೆ ನೆಟ್ಟವು. ಅಷ್ಟು ಹೊತ್ತಿನ ತೊದಲಿಲ್ಲದೆ, ಇವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಆ ಬಾಯಿ ಹೇಳಿತು:

"ಸಾಕು ಕಣ್ ಮಗಳೇ. ಬಾಳ ದಣ್ದಿದೀಯ. ಸೌಟು ಮಡಗ್ಬುಟ್ಟು ಕುಂತ್ಕೋ."

ಜಗದಾಂಬನ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಇಷ್ಟು ಮಾತನ್ನು ಅವಳಿಗೆ ಯಾರೂ ಆಡಿರಲಿಲ್ಲ. ಹೆತ್ತ ತಾಯಿ ಆಡಿರಲಿಲ್ಲ, ಕಟ್ಟಿಕೊಂಡವನು ಆಡಿರಲಿಲ್ಲ. ನಿಜ ಹೇಳಬೇಕೆಂದರೆ ಅವಳು ಕೈಯನ್ನು ತುಸು ಹಿಂದಕ್ಕೇ ತೆಗೆದುಕೊಂಡಳು. ಆ ಬಾಯಿ ಇನ್ನೊಂದು ಮಾತು ಆಡೀತೇನೋ ಎಂದು ಕಾದಳು. ಮುನಿಯಮ್ಮನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ದವಡೆ ಸಡಿಲಾಯಿತು. ಜಗದಾಂಬ ಜೇನಿನ ಬೆರಳನ್ನು ಅವಳ ಕೆನ್ನೆಯೊಳಗೆ ಹಾಕಿ, ವಸಡಿಗೆ ಸವರಿದಳು. ಮತ್ತೆ ಅದ್ದಿ ಸವರಿದಳು. ಸವರುತ್ತ ಅಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಮುನಿಯಮ್ಮ ನಾಲಿಗೆ ಚಪ್ಪರಿಸಿ ಕಣ್ಣು ಬಿಟ್ಟಳು. ಅಂಗಡಿಯಿಂದ ಸಕ್ಕರೆ ಸುರಿದ ಟೀ ತರಿಸಿ ಕುಡಿಸಿದರು. "ಯಾಕ್ರವ್ವಾ ಎಲ್ರೂ ನನ್ನೇ ನೋಡ್ತಿದೀರಾ? ನನ್ನ ಚಪ್ಪಲಿ ಎಲ್ಲೋದ್ವು?" ಎಂದು ಕೇಳಿದಳು. ಅವಳಿಗೆ ಒಂದೂ ನೆನಪಿರಲಿಲ್ಲ.

"ಬಂದ ದೇವ್ರನ್ನ ಜೇನು ಸವ್ರಿ ಓಡಿಸ್ಬುಟ್ಳು ಮಹಾತಾಯಿ" ಎಂದು ಬೈರಪ್ಪ ಕೆಳಗಿಳಿಯುವ ತನಕ ಗೊಣಗಿದ. ಅವನ ಜಮೀನಿನ ಪ್ರಶ್ನೆಗೆ ಉತ್ತರ ಅರ್ಧಕ್ಕೇ ನಿಂತಿತ್ತಲ್ಲ. ಇಳಿಯುವಾಗ ಜೀಪಿನ ಮುಂದಿನ ಸೀಟು ಮುನಿಯಮ್ಮನದಾಯಿತು. ಹೆಂಗಸರು ಅವಳ ಕಾಲು ಮುಟ್ಟಿದರು. ಏನಾಯಿತೆಂದು ಚಿಕ್ಕಹನುಮಕ್ಕ ಬಣ್ಣ ಬಣ್ಣವಾಗಿ ಹೇಳಿದಾಗ, ಮುದುಕಿ ಬೆರಗಾಗಿ, ನಾಚಿ, ಮತ್ತೆ ಮತ್ತೆ ಹೇಳಿಸಿಕೊಂಡಳು. ಜಗದಾಂಬನಿಗೆ ತಾಯಿ ಏನು ಹೇಳಿದಳೆಂದು ಎಲ್ಲರೂ ಕೇಳಿದರು. ಅವಳು ಯಾರಿಗೂ ಹೇಳಲಿಲ್ಲ.

ಊರಿಗೆ ಬಂದ ಕೂಡಲೇ ಅವಳು ಲಕ್ಷ್ಮೀಪತಿಗೆ, "ಇನ್ನು ನನ್ನ ಕೈಲಾಗಲ್ಲ ಕಣಪ್ಪಾ, ಬೇರೆ ಯಾರನ್ನಾದ್ರೂ ನೋಡ್ಕೋ" ಎಂದು ಹೇಳಿಬಿಟ್ಟಳು. ಅವನು ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ತಾಯಿಯೇ ಸಾಕು ಎಂದ ಮೇಲೆ ಇನ್ಯಾರ ಅಪ್ಪಣೆ ಬೇಕು? ಕೊರಟಗೆರೆಯ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಪಾದಗಳ ಊತ ಇಳಿಯಿತು. ಬೆಳಿಗ್ಗೆ ಬಿಸಿಲು ಬರುವ ತನಕ ಮಲಗಿದಳು. ಅದು ಸಕ್ಕರೆ ಇಳಿದು ಆಡಿದ ಮಾತೋ, ದೇವರು ಆಡಿದ ಮಾತೋ ಎಂದು ಮನಸ್ಸು ಕೆದಕಿದಾಗಲೆಲ್ಲ, ಮುಚ್ಚಳ ಹಾಕಿ ಮುಚ್ಚಿದಳು. ಅಂಥ ಸುಖದ ಚಳಿಗಾಲ ಅವಳ ಬದುಕಿನಲ್ಲಿ ಬಂದಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಚಿಕ್ಕಹನುಮಕ್ಕ ಖಾಸಗಿ ಬಸ್ಸಿನಿಂದ ಇಳಿದು, ಕೇಳಿಕೊಂಡು ಕೇಳಿಕೊಂಡು ಮನೆಗೆ ಬಂದಳು. ಮಾತಿನಮಲ್ಲಿಯ ಮುಖ ಸಣ್ಣಗಾಗಿತ್ತು.

"ಅತ್ಗೆ ಮೈಮೇಲೆ ಪ್ರತಿ ಶುಕ್ರವಾರ ತಾಯಿ ಬರ್ತಾಳೆ ಕಣಕ್ಕಾ. ಸುತ್ತಿನ ಹಳ್ಳಿಯೋರೆಲ್ಲ ಬತ್ತಾರೆ."

"ಬರ್ಲಿ ಬುಡು. ಒಳ್ಳೇದಲ್ವಾ?"

"ಗುರುವಾರ ಮಧ್ಯಾಹ್ನದಿಂದ ಬಾಯಿಗೆ ತೊಟ್ಟು ನೀರು ಹಾಕಲ್ಲ. ಶುಕ್ರವಾರ ಎದ್ದು ತಣ್ಣೀರು ಹುಯ್ಕೊಂಡು ಒಂದು ಮಾತ್ರೆ ನುಂಗ್ತಾಳೆ. ಅಲ್ಲಿ ಹೆಂಗೆ ಬಂದ್ಲೋ ಹಂಗೇ ಬರ್ಬೇಕು ಅಂತ. ಮೊದಮೊದಲು ಟೀ ಕುಡಿದ್ರೆ ಸರಿಹೋಗ್ತಿದ್ಲು. ಹೋದ ವಾರ ತಾಯಿ ಹೋದ್ಮೇಲೂ ಕಣ್ಣೇ ಬುಡ್ಲಿಲ್ಲ ಕಣಕ್ಕಾ. ಬಾಯಿ ಸೊಟ್ಟಗಾಗಿತ್ತು. ನೀವು ಹಾಕ್ದಂಗೆ ಜೇನು ಹಾಕೋಣ ಅಂದ್ರೆ ನಂಗೆ ಧೈರ್ಯ ಬರ್ಲಿಲ್ಲ, ಎಲ್ರೂ ಕೈಮುಕ್ಕೊಂಡು ನಿಂತವ್ರೆ. ಬಾಳ ಹೊತ್ತಾದ್ಮೇಲೆ ತಾನೇ ಹೆಂಗೋ ಕಣ್ಬುಟ್ಲು." ಅವಳು ಸೆರಗಿನಿಂದ ಕಣ್ಣೊರೆಸಿದಳು. "ಬೇಸಗೆ ಯಾತ್ರೆಗೆ ಲಕ್ಷ್ಮೀಪತಣ್ಣ ಅವಳನ್ನ ಬಿಟ್ಟಿ ಕರ್ಕೊಂಡು ಹೋಗ್ತಾನಂತೆ. ತಾಯಿ ಜೊತೆ ಮುಕ್ತಿನಾಥ ಅಂತ ಜನ ಮುಗಿಬಿದ್ದವ್ರೆ. ಆ ಚಳೀಲಿ ಇದೇ ಆಟ ಆಡಿದ್ರೆ ಅವ್ಳು ವಾಪಸ್ ಬರಲ್ಲ."

ಜಗದಾಂಬ ಜಗಲಿಯಿಂದ ಎದ್ದಳು. ಆ ಗುರುವಾರವೇ ಬಸ್ಸು ಹಿಡಿದು, ಮಧುಗಿರಿಯಲ್ಲಿ ಇಳಿದು ಮೊದಲು ಲಕ್ಷ್ಮೀಪತಿಯ ಮಳಿಗೆಗೆ ಹೋದಳು. ಅವನು ಕೂರಿಸಿ, ಕಾಫಿ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡ. "ದೇವ್ರ ವಿಷ್ಯ ಅಕ್ಕಾ. ನಾನು ಬೇಡ ಅಂದು, ನಾಳೆ ದಾರೀಲಿ ಬಸ್ಸಿಗೇನಾದ್ರೂ ಆದ್ರೆ ಜನ ನನ್ನ ಉಳಿಸ್ತಾರಾ? ನೀವೇ ಹೋಗಿ ಒಂದು ಮಾತು ಹೇಳಿ ನೋಡಿ" ಎಂದ. ಅವನು ಕೆಟ್ಟವನಲ್ಲ, ಅವನ ಬಸ್ಸಿನ ಸೀಟೆಲ್ಲ ಆಗಲೇ ತುಂಬಿದ್ದವು, ಅಷ್ಟೇ.

ಜಗದಾಂಬ ದೊಡ್ಡೇರಿ ಕಡೆಯ ಬಸ್ಸು ಹಿಡಿದು ಹೋದಾಗ, ಮುನಿಯಮ್ಮ ಮನೆಯ ಪಡಸಾಲೆಯಲ್ಲಿ ಹೊಸ ಚಾಪೆಯ ಮೇಲೆ ಕೂತಿದ್ದಳು. ಸೊಸೆಯರು ತಗ್ಗಿದ ದನಿಯಲ್ಲಿ ಓಡಾಡುತ್ತಿದ್ದರು. ಮುದುಕಿ ಇನ್ನೂ ಒಣಗಿದ್ದಳು, ಆದರೆ ಬೆನ್ನು ನೆಟ್ಟಗಾಗಿತ್ತು. ಜಗದಾಂಬ ಪಕ್ಕದಲ್ಲಿ ಕೂತು, ಸೊಸೆಯರು ಒಳಗೆ ಹೋಗುವ ತನಕ ಕಾದು, ಸುತ್ತುಬಳಸದೆ ಹೇಳಿದಳು.

"ಅವ್ವಾ, ಅದು ಶುಗರ್ ಇಳಿದು ಆಗೋದು. ನನ್ನ ಗಂಡಂಗೂ ಹಿಂಗೇ ಆಗ್ತಿತ್ತು. ಮಾತ್ರೆ ನುಂಗಿ ಉಪವಾಸ ಇದ್ರೆ ಪ್ರಾಣ ಹೋಗ್ತದೆ. ಮನೇಲೇ ಹೋಗ್ತದೆ, ಅಷ್ಟು ದೂರದ ಬೆಟ್ಟದ ಮೇಲೆ ಕೇಳೋದೇ ಬೇಡ."

ಮುನಿಯಮ್ಮ ಸಿಟ್ಟಾಗಲಿಲ್ಲ.

"ನಾನ್ ಈ ಮನೆಗೆ ಬಂದಾಗಿಂದ ಬಾಯ್ಬುಟ್ರೆ ಸಾಕು, ಸುಮ್ಕಿರು ಅಂದವ್ರೇ ಎಲ್ಲಾ. ಈಗ ನನ್ನ ಮಕ್ಳು ನನ್ನ ಮುಂದೆ ಕೈಕಟ್ಕೊಂಡು ನಿಂತ್ಕೋತಾರೆ. ಹಿರೀ ಸೊಸೆ, ಅತ್ತೆಮ್ಮ ಏನಂತೀರಾ ಅಂತ ಕೇಳ್ತಾಳೆ. ಅದೂ ಶುಗರ್ರೇನವ್ವಾ?" ಎಂದಳು. ಆಮೇಲೆ ಮುಖ ತಿರುಗಿಸಿ ನೋಡಿದಳು. "ಅವತ್ತು ತಾಯಿ ನಿನ್ನ ಹತ್ರ ಬಂದು ಏನೋ ಹೇಳಿದ್ಲಂತೆ. ನೀನು ಅತ್ತಿದ್ಯಂತೆ. ಅದನ್ನೂ ಶುಗರ್ರೇ ಹೇಳ್ತಾ?"

ಹೌದು ಎಂದರೆ, ತನ್ನ ಜಗಲಿ, ತನ್ನ ಚಳಿಗಾಲ, ತನಗೆ ಈ ಲೋಕದಲ್ಲಿ ಒಬ್ಬರು ಕೂತ್ಕೋ ಎಂದ ಆ ಒಂದು ಮಾತು, ಎಲ್ಲವೂ ಸಕ್ಕರೆ. ಅಲ್ಲ ಎಂದರೆ, ಈ ಮುದುಕಿ ನಾಳೆ ಮಾತ್ರೆ ನುಂಗಿ ಉಪವಾಸ ಕೂರುತ್ತಾಳೆ.

"ಏನಂದ್ಲು ತಾಯಿ ನಿಂಗೆ?" ಎಂದು ಮುನಿಯಮ್ಮ ಮತ್ತೆ ಕೇಳಿದಳು. ಸೊಸೆಯರು ಬಾಗಿಲಿಗೆ ಬಂದು ನಿಂತಿದ್ದರು. ಅವರ ಹಿಂದೆ ಚಿಕ್ಕಹನುಮಕ್ಕ ಇದ್ದಳು.

ಜಗದಾಂಬ ಕಣ್ಣು ಮುಚ್ಚಿ ಕೈ ಮುಗಿದಳು. ತಾಯೀ, ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ ಎಂದು ಒಳಗೇ ಹೇಳಿಕೊಂಡಳು.

"ಇದು ನಾನು ಬರೋ ಮೈ, ಇದನ್ನ ಉಪವಾಸ ಕೆಡವ್ಬೇಡ್ರಿ ಅಂದ್ಲು. ಹೊತ್ತೊತ್ತಿಗೆ ಅನ್ನ ಹಾಕ್ಬೇಕು, ಅನ್ನ ಹಾಕ್ದೆ ಮಾತ್ರೆ ಕೊಡ್ಬಾರ್ದು ಅಂದ್ಲು. ಈ ಮನೇಲಿ ಇವ್ಳ ಮಾತಿಗೆ ಯಾರೂ ಎದುರಾಡ್ಬಾರ್ದು ಅಂದ್ಲು." ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಮುದುಕಿಯ ಕಣ್ಣಿನಲ್ಲಿ ಇನ್ನೂ ಅನುಮಾನವಿತ್ತು, ಸುಳ್ಳಿಗೆ ಇನ್ನೊಂದು ಆನಿಕೆ ಬೇಕಾಗಿತ್ತು. ಜಗದಾಂಬನ ಬಾಯಿಂದ ಅದು ಹೊರಟೇಬಿಟ್ಟಿತು: "ನೀನೇ ಕೈಯಾರೆ ಮಾಡಿ ಉಣ್ಸು ಅಂದ್ಲು."

"ನಿನ್ನ ಕೈಯಾರೆ ಅಂದ್ಲಾ?"

"ಹೂಂ."

"ಉಂಡ್ರೆ ತಾಯಿ ಬರ್ತಾಳಾ?" ಮುನಿಯಮ್ಮನ ದನಿ ಮಗುವಿನದಾಗಿತ್ತು.

"ಬರೋ ತಾಯಿ ಅನ್ನಕ್ಕೆ ಹೆದ್ರುತಾಳೇನವ್ವಾ? ಬಂದ್ರೆ ಉಂಡೋಳ ಮೈಮೇಲೇ ಬರ್ತಾಳೆ."

ಮುನಿಯಮ್ಮ ಮೇಲೆ ನೋಡಿ ಕೈಮುಗಿದಳು. "ಹಂಗಾದ್ರೆ ಮುಕ್ತಿನಾಥಕ್ಕೆ ನೀನೂ ಬರ್ಬೇಕಾಯ್ತದೆ ಕಣಮ್ಮ. ಶುಕ್ರವಾರ ಶುಕ್ರವಾರ ಇಲ್ಗೂ ಬರ್ಬೇಕಾಯ್ತದೆ. ತಾಯಿ ಮಾತು ಮೀರೋಕಾಯ್ತದಾ?"

"ಎಲ್ಲಾದ್ರೂ ಉಂಟಾ. ಬರ್ತೀನಿ" ಎಂದಳು ಜಗದಾಂಬ.

ಅಪರಿಚಿತ ಅಡುಗೆಮನೆಯಲ್ಲಿ, ಪಾತ್ರೆ ಎಲ್ಲಿ, ಬೇಳೆ ಎಲ್ಲಿ ಎಂದು ಕೇಳಿಕೊಂಡು, ಸೊಪ್ಪಿನ ಸಾರು ಕಾಯಿಸಿ, ಚಿಕ್ಕದೊಂದು ಮುದ್ದೆ ತಿರುವಿದಳು. ಮುನಿಯಮ್ಮ ತಟ್ಟೆಯ ಮುಂದೆ ಕೂತು, ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದಳು. ಗುರುವಾರ ಸಂಜೆ ಅವಳ ಗಂಟಲಿಗೆ ಅನ್ನ ಇಳಿದು ತಿಂಗಳುಗಳಾಗಿದ್ದವು. ಚಿಕ್ಕಹನುಮಕ್ಕ ಬಾಗಿಲಿಗೆ ಒರಗಿ ಸದ್ದಿಲ್ಲದೆ ಅಳುತ್ತಿದ್ದಳು. ಜಗದಾಂಬ ಗೋಡೆ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕೂತಳು.

"ಉಪ್ಪು ಸಾಲ್ದು ಕಣೇ. ಸಾರೂ ತೆಳ್ಳಗಾಯ್ತು" ಎಂದಳು ಮುನಿಯಮ್ಮ, ತಟ್ಟೆಯಿಂದ ತಲೆಯೆತ್ತದೆ.

ಸೊಸೆಯರು ಇಬ್ಬರೂ ಕದಲಲಿಲ್ಲ. ಜಗದಾಂಬನ ಕೈಯಾರೆಯೇ ಆಗಬೇಕೆಂದು ತಾಯಿಯ ಅಪ್ಪಣೆಯಾಗಿತ್ತಲ್ಲ. ಅವಳು ಮಂಡಿಯ ಮೇಲೆ ಕೈಯೂರಿ ಎದ್ದು, ಉಪ್ಪು ತರಲು ಒಳಗೆ ಹೋದಳು.